ಬಾವು ಇಳಿಸುವ ಪ್ರೋಟೀನ್ ದೇಹದಲ್ಲೇ ಇದ್ದರೆ ಆಯಿಗೆ ಮಾತ್ರೆ ಯಾಕೆ?

ಕುಮಟಾದಿಂದ ನೀವು ಕೇಳಿದ್ದು ಇಷ್ಟು: ಆಯಿಗೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ಬೀಳುವ ಕಾಯಿಲೆ), ಅದನ್ನು ಹತ್ತಿಕ್ಕಲು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ. ಉರಿಯೂತ ತಣಿಸುವ ಪ್ರೋಟೀನ್ ನಮ್ಮ ದೇಹವೇ ಮಾಡುತ್ತದೆ, ಅದನ್ನು ಹೆಚ್ಚಿಸಿಕೊಂಡರೆ ಮಾತ್ರೆ ಬಿಡಬಹುದು ಅಂತ ಯಾರೋ ಹೇಳಿದ್ದಾರೆ, ಹೌದಾ? ಪ್ರೋಟೀನ್ ಇರುವುದು ಹೌದು. ಮಾತ್ರೆ ಮಾತ್ರ ಬಿಡಿಸಬೇಡಿ.

ನಾನು ಡಾಕ್ಟರಲ್ಲ. ಅಂಕೋಲಾದವಳು, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಇದೇ ಕಾಯಿಲೆ ನನ್ನ ಬೆರಳ ಗಂಟುಗಳಲ್ಲೂ ಇದೆ. ಬೆಳಿಗ್ಗೆ ಎದ್ದ ಕೂಡಲೇ ತುರಿಮಣೆ ಮುಂದೆ ಕೂರುವ ಧೈರ್ಯ ನನಗೂ ಇಲ್ಲ. ಹಾಗಾಗಿ ಈ ವಿಷಯ ಸ್ವಲ್ಪ ಹಟದಿಂದಲೇ ಓದಿಕೊಂಡಿದ್ದೇನೆ.

ಗಾಯವಾದರೆ, ರೋಗಾಣು ಹೊಕ್ಕರೆ ಜೀವಕೋಶಗಳು ಐಎಲ್-1, ಟಿಎನ್‌ಎಫ್ ಎಂಬ ಪ್ರೋಟೀನ್‌ಗಳನ್ನು ಬಿಡುತ್ತವೆ. ಊತ, ಬಿಸಿ, ನೋವು ಎಲ್ಲ ಅದರಿಂದಲೇ. ಕೆಲಸ ಮುಗಿದ ಮೇಲೆ ಅವನ್ನು ಸುಮ್ಮನಾಗಿಸಲು ದೇಹ ಬೇರೆ ಪ್ರೋಟೀನ್‌ಗಳನ್ನೂ ಬಿಡುತ್ತದೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಐಎಲ್-1ಆರ್‌ಎ. ಇದು ಐಎಲ್-1 ಕೂರಬೇಕಾದ ಜಾಗದಲ್ಲೇ ಹೋಗಿ ಕೂರುತ್ತದೆ, ಆದರೆ ಒಳಗೆ ಯಾವ ಸಂದೇಶವನ್ನೂ ಕಳಿಸುವುದಿಲ್ಲ. ಶಿರಸಿ ಬಸ್ಸು ಸ್ಟ್ಯಾಂಡಿಗೆ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಟವೆಲ್ ಇದ್ದಲ್ಲಿ ಇನ್ನೊಬ್ಬ ಕೂರುವಂತಿಲ್ಲ. ತೊಂದರೆ ಏನೆಂದರೆ, ಈ ಬಸ್ಸಿನ ಡ್ರೈವರ್ ಮಹಾ ಅವಸರದವ. ಎರಡು ಮೂರು ಸೀಟಿಗೆ ಜನ ಕೂತರೂ ಗಾಡಿ ಬಿಟ್ಟೇಬಿಡುತ್ತಾನೆ. ಅಂದರೆ ಹೆಚ್ಚುಕಡಿಮೆ ಎಲ್ಲ ಸೀಟಿಗೂ ಟವೆಲ್ ಬೀಳಬೇಕು. ಐಎಲ್-1 ಅನ್ನು ಸುಮ್ಮನಿರಿಸಲು ಅದಕ್ಕಿಂತ 10ರಿಂದ 100 ಪಟ್ಟು ಐಎಲ್-1ಆರ್‌ಎ ಬೇಕು ಅನ್ನುವುದು ಇದೇ ಕಾರಣಕ್ಕೆ. ಆಯಿಯ ಗಂಟಿನಲ್ಲೂ ಅದು ಇದ್ದೇ ಇರುತ್ತದೆ. ಸಾಲುವುದಿಲ್ಲ, ಅಷ್ಟೇ.

ಈ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದ ಶಿಶುಗಳ ಬಗ್ಗೆ 2009ರಲ್ಲಿ ವರದಿಯಾಯಿತು. ಹುಟ್ಟಿದ ಕೆಲವೇ ದಿನ, ವಾರಗಳಲ್ಲಿ ಮೈತುಂಬ ಕೀವುಗುಳ್ಳೆ, ಎಲುಬುಗಳಲ್ಲಿ ಉರಿಯೂತ. ಕೃತಕವಾಗಿ ತಯಾರಿಸಿದ ಅದೇ ಪ್ರೋಟೀನನ್ನು ಚುಚ್ಚಿದಾಗ ಬೇಗನೆ ಸುಧಾರಿಸಿದವು. ಆ ಇಂಜೆಕ್ಷನ್ ಹೆಸರು ಅನಾಕಿನ್ರಾ. ಸಂಧಿವಾತಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಇಷ್ಟಾದರೂ ರುಮಟಾಯ್ಡ್‌ನಲ್ಲಿ ಅದು ದೊಡ್ಡ ಪವಾಡವನ್ನೇನೂ ಮಾಡಲಿಲ್ಲ. ಚುಚ್ಚಿದ್ದರಲ್ಲಿ ಅರ್ಧ ನಾಲ್ಕರಿಂದ ಆರು ತಾಸಿನೊಳಗೆ ರಕ್ತದಿಂದ ಖಾಲಿಯಾಗುತ್ತದೆ, ದಿನಾ ಚುಚ್ಚಬೇಕು. ಶುದ್ಧ ರೂಪದಲ್ಲಿ ನೇರವಾಗಿ ಚುಚ್ಚಿದರೇ ಇಷ್ಟು ಪಾಡು; ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿ ಹಾಲಿಗೆ ಕದಡಿ ಕುಡಿದರೆ ಏನಾದೀತು? ಪ್ರೋಟೀನ್ ಯಾವುದೇ ಇರಲಿ, ಹೊಟ್ಟೆ ಅದನ್ನು ಬೇಳೆಯ ಹಾಗೆಯೇ ಜೀರ್ಣಿಸುತ್ತದೆ.

ಟಿಎನ್‌ಎಫ್ ಕಡೆಯ ಕತೆ ಹೆಚ್ಚು ಫಲ ಕೊಟ್ಟಿತು. ಇದನ್ನು ತಡೆದರೆ ಗಂಟು ತಣಿಯುತ್ತದೆಂದು ತೋರಿಸಿದವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ರೋಗಿಗಳ ಮೇಲೆ ಮೊದಲ ಪ್ರಯೋಗ 1992ರಲ್ಲಿ ಶುರುವಾಯಿತು. ಜೀವಕೋಶಗಳು ತಮ್ಮ ಮೇಲಿನ ಟಿಎನ್‌ಎಫ್ ಗ್ರಾಹಕಗಳನ್ನು (ಅದು ಬಂದು ಕೂರುವ ಸೀಟುಗಳನ್ನು) ಕಳಚಿ ರಕ್ತಕ್ಕೆ ಬಿಡುತ್ತವೆ, ತೇಲುವ ಆ ತುಂಡುಗಳು ಟಿಎನ್‌ಎಫ್ ಅನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತವೆ. 1998ರಲ್ಲಿ ಬಂದ ಎಟನರ್ಸೆಪ್ಟ್ ಇಂಜೆಕ್ಷನ್ ಇದರದ್ದೇ ನಕಲು, ಬಹಳ ಹೊತ್ತು ಉಳಿಯಲೆಂದು ಆಂಟಿಬಾಡಿಯ ಬಾಲ ಅಂಟಿಸಿದ್ದು. ಮೆಥೊಟ್ರೆಕ್ಸೇಟ್ ಸಾಲದೆ ಹೋದರೆ ಆಯಿಗೂ ಇಂಥದ್ದನ್ನು ಬರೆಯಬಹುದು. ಆಗ ಮೊದಲು ಟಿಬಿ ಪರೀಕ್ಷೆ ಮಾಡಿಸುತ್ತಾರೆ, ಗಾಬರಿಯಾಗಬೇಡಿ: ಒಳಗೆ ಅಡಗಿ ಕೂತ ಟಿಬಿಯನ್ನು ಹದ್ದುಬಸ್ತಿನಲ್ಲಿ ಇಡುವುದೂ ಇದೇ ಟಿಎನ್‌ಎಫ್.

ನನಗೆ ನಿಜವಾಗಿ ಭಯ ಇರುವುದು ಲೇಬಲ್ ಇಲ್ಲದ ‘ಗಂಟುನೋವಿನ ಪುಡಿ’ಗಳ ಬಗ್ಗೆ. ನಮ್ಮ ಮೂತ್ರಪಿಂಡದ ಮೇಲಿನ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಅದು ಪ್ರೋಟೀನ್ ಅಲ್ಲ, ಆದರೆ ಅನೆಕ್ಸಿನ್ ಎ1 ಎಂಬ ಬಾವು ಇಳಿಸುವ ಪ್ರೋಟೀನನ್ನು ಹೆಚ್ಚಿಸುತ್ತದೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಇದರ ಹತ್ತಿರದ ಸಂಬಂಧಿ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದ ಸಂಧಿವಾತದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್ ಬಂತು. ಹಿಂದೆಯೇ ಅಡ್ಡಪರಿಣಾಮಗಳೂ ಬಂದವು. ಎರಡೇ ದಿನಕ್ಕೆ ಮಾಯ ಮಾಡುವ ಪುಡಿಯಲ್ಲಿ ಇದೇ ಜಾತಿಯ ಔಷಧ, ಅಂದರೆ ಸ್ಟೀರಾಯ್ಡ್, ಬೆರೆಸಿರುವುದು ನಮ್ಮ ದೇಶದಲ್ಲಿ ಹೊಸದಲ್ಲ. ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಸ್ವಂತ ಗ್ರಂಥಿ ಕೆಲಸ ಮರೆಯುತ್ತದೆ. ಆಯಿ ಅಂಥದ್ದನ್ನು ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ.

ಮೀನಿನ ಬಗ್ಗೆಯೂ ಕೇಳಿದ್ದೀರಿ. ಬಂಗಡೆ, ತಾರ್ಲೆಯ ಎಣ್ಣೆಯಿಂದ ದೇಹ ರೆಸಾಲ್ವಿನ್ ಎಂಬ ಉರಿಯೂತ ಮುಗಿಸುವ ವಸ್ತು ಮಾಡಿಕೊಳ್ಳುತ್ತದೆ. ಅದೂ ಪ್ರೋಟೀನ್ ಅಲ್ಲ, ಕೊಬ್ಬಿನ ಜಾತಿ. ಮೀನೆಣ್ಣೆಯನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟ ಪ್ರಯೋಗಗಳಲ್ಲಿ ಬೆಳಗಿನ ಬಿಗಿತ ಸ್ವಲ್ಪ ಇಳಿದಿದೆ. ಬಂಗಡೆ ಸಾರು ಧಾರಾಳ ಉಣ್ಣಲಿ, ಮಾತ್ರೆಯ ಜೊತೆಗೆ. ಮಾತ್ರೆ ವಾರಕ್ಕೆ ಒಂದೇ ದಿನ, ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನಾ ನುಂಗಿ ಜೀವಕ್ಕೆ ಅಪಾಯ ತಂದುಕೊಂಡವರಿದ್ದಾರೆ.

ನಮ್ಮ ಜಿಲ್ಲೆಯವರಿಗೆ ಇಂಥ ಕಾಯಿಲೆಗೆ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ ಅಂತ ತಿರುಗುವುದು ತಪ್ಪಿಲ್ಲ. ಮುಂದಿನ ಸಲ ಹೋಗುವಾಗ ಇಎಸ್‌ಆರ್, ಸಿಆರ್‌ಪಿ (ಇವೆರಡೂ ಉರಿಯೂತ ಅಳೆಯುವ ರಕ್ತಪರೀಕ್ಷೆ), ಲಿವರ್ ಪರೀಕ್ಷೆಯ ಹಳೆಯ ಕಾಗದಗಳನ್ನೆಲ್ಲ ಒಯ್ಯಿರಿ. ಬೆಳಿಗ್ಗೆ ಬೆರಳು ಸಡಿಲಾಗಲು ಎಷ್ಟು ಹೊತ್ತು ಬೇಕೆಂದು ಬರೆದುಕೊಂಡು ಹೋಗಿ. ಮಾತ್ರೆ ಕಡಿಮೆ ಮಾಡಬಹುದೇ ಅಂತ ಅವರನ್ನೇ ನೇರ ಕೇಳಿ. ಕಾಯಿಲೆ ತಿಂಗಳುಗಟ್ಟಲೆ ತಣ್ಣಗಿದ್ದರೆ ಅವರೇ ನಿಧಾನಕ್ಕೆ ಡೋಸ್ ಇಳಿಸುವುದುಂಟು.