ಬೀಗ ಹಾಕಿದವರು ಯಾರು?

ಪ್ರಶ್ನೆ: ಲ್ಯಾಪ್‌ಟಾಪಿನ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. ನಾನು ಎಂದೂ ಇಂಥ ಬೀಗ ಹಾಕಿಲ್ಲ. ತಂದೆಯವರ ಹಳೆಯ ಫೋಟೊಗಳು, ಆಸ್ತಿ ಪತ್ರಗಳ ಸ್ಕ್ಯಾನ್ ಎಲ್ಲವೂ ಅದರಲ್ಲಿವೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಬೀಗ ಒಡೆಯುತ್ತೇನೆ ಎಂದು ರಿಪೇರಿಯವರೊಬ್ಬರು ಹೇಳುತ್ತಾರೆ. ಕೊಡಲೇ?

ಉತ್ತರ: ಕೊಡಬೇಡಿ. ಬಿಟ್‌ಲಾಕರ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಕೀ ಇಲ್ಲದೆ ಓದಲಾಗದ ಗೂಢಲಿಪಿಗೆ ತಿರುಗಿಸುವ ಬೀಗ. ಡಿಸ್ಕನ್ನು ಯಾವ ಕಂಪ್ಯೂಟರಿಗೆ ಜೋಡಿಸಿದರೂ ಅದು ಅದೇ ಕೀಯನ್ನೇ ಕೇಳುತ್ತದೆ. ಕೆಟ್ಟುಹೋದ ಡಿಸ್ಕಿನ ಬಿಡಿಭಾಗ ಬದಲಾಯಿಸುವ ನಿಪುಣರಿದ್ದಾರೆ, ನಿಜ. ಗೂಢಲಿಪೀಕರಣವನ್ನು ಒಡೆಯುವುದು ಅವರಿಂದಲೂ ಆಗದು. ಇನ್ನೊಂದು ಅಪಾಯ: ಬೀಗವಿರುವ ಡಿಸ್ಕನ್ನು ಗುರುತಿಸಲಾರದ ಯಂತ್ರ ‘ಫಾರ್ಮ್ಯಾಟ್ ಮಾಡಲೇ?’ ಎಂದು ಬಹಳ ವಿನಯದಿಂದ ಕೇಳುತ್ತದೆ. ಹೌದು ಎಂದರೆ ಮುಗಿಯಿತು.

ಬೀಗ ಹಾಕಿದ್ದು ವಿಂಡೋಸ್. ಮೈಕ್ರೋಸಾಫ್ಟ್ ಖಾತೆಯಿಂದ ಹೊಸ ಲ್ಯಾಪ್‌ಟಾಪಿಗೆ ಲಾಗಿನ್ ಆದಾಗ ಎಷ್ಟೋ ಯಂತ್ರಗಳಲ್ಲಿ ಇದು ತಾನಾಗಿ ಚಾಲೂ ಆಗುತ್ತದೆ. ಮಾಲೀಕರಿಗೆ ಕಣ್ಣಿಗೆ ಬೀಳುವಂತೆ ಒಂದು ಮಾತು ಹೇಳದೆ ಬೀಗ ಜಡಿಯುವ ಈ ರೀತಿ ನನಗೆ ಹಿಡಿಸುವುದಿಲ್ಲ. ಕಳುವಾದ ಲ್ಯಾಪ್‌ಟಾಪನ್ನು ಕಾಯುವುದೂ ಅದೇ ಬೀಗ ಎಂಬುದನ್ನು ಮಾತ್ರ ಒಪ್ಪಲೇಬೇಕು. ದಿನನಿತ್ಯ ಅದನ್ನು ತೆರೆಯುವುದು ಟಿಪಿಎಂ ಎಂಬ ಚಿಪ್. ಬಯಾಸ್ ಬದಲಾದಾಗ ಚಿಪ್‌ಗೆ ಯಂತ್ರದ ಗುರುತು ಹತ್ತದೆ ಕೀ ಬಿಟ್ಟುಕೊಡುವುದಿಲ್ಲ. ನಿಮಗೆ ಆಗಿರುವುದು ಇಷ್ಟೇ. ಫೋಟೊಗಳು ಇದ್ದಲ್ಲೇ ಇವೆ.

ತಾನಾಗಿ ಬಿದ್ದ ಬೀಗದ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಬೇರೆ ಫೋನಿನಿಂದ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ, ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಿ. ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿಕೊಟ್ಟವರು ಮಗನೋ ಅಳಿಯನೋ ಆಗಿದ್ದರೆ ಕೀ ಅವರ ಖಾತೆಯಲ್ಲಿರಬಹುದು. ಕಚೇರಿಯ ಖಾತೆ ಸೇರಿಸಿದ್ದರೆ ಅಲ್ಲಿನ ಐಟಿ ವಿಭಾಗವನ್ನು ಕೇಳಿ. ಎಲ್ಲಿಯೂ ಸಿಗದಿದ್ದರೆ, ಕಟುವಾಗಿ ಹೇಳುತ್ತಿದ್ದೇನೆ, ಆ ಕಡತಗಳು ಸಿಗುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಕಳೆದ ಕೀಯನ್ನು ಮರುಸೃಷ್ಟಿಸಿ ಕೊಡಲಾರದು.

ಕೀ ಸಿಕ್ಕ ಕೂಡಲೇ ಕಾಗದದ ಮೇಲೆ ಬರೆದಿಡಿ. ಆರಂಕಿಯ ಎಂಟು ಗುಂಪುಗಳಿರುತ್ತವೆ, ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉದಾಹರಣೆಗೆ 419650 ಸರಿ. ಅವಸರದಲ್ಲಿ 416950 ಎಂದು ಬರೆದರೆ 6 ಶೇಷ ಉಳಿಯುತ್ತದೆ. ಒಂದು ಅಂಕಿ ತಪ್ಪಿದರೂ ಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ನಾನು ಕ್ಯಾಲ್ಕುಲೇಟರ್ ಹಿಡಿದು ಎಂಟನ್ನೂ ಭಾಗಿಸಿ ನೋಡಿದ ಮೇಲೆಯೇ ಕಾಗದವನ್ನು ಮಡಿಸುವುದು. ಮುಂದಿನ ಸಲ ಬಯಾಸ್ ಅಪ್‌ಡೇಟ್ ಮಾಡುವ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಈ ಪರದಾಟ ಇರುವುದಿಲ್ಲ.

ಪ್ರಶ್ನೆ: ಬೆಂಕಿ, ನೆರೆಯಂಥ ಆಪತ್ತಿಗೆ ಮುಂಚೆಯೇ ಏನು ಸಿದ್ಧತೆ ಬೇಕು? ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ ಕಂಪ್ಯೂಟರ್ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಉತ್ತರ: ಬೆಂಕಿ ಮೇಜನ್ನು ಸುಟ್ಟು ಡ್ರಾಯರನ್ನು ಬಿಡುವುದಿಲ್ಲ! ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲೋ ಕ್ಲೌಡಿನಲ್ಲೋ: ಈ ಹಳೆಯ ಲೆಕ್ಕ ಸಾಕು. ಪೆನ್‌ಡ್ರೈವನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದರ ವಿದ್ಯುದಂಶ ಸೋರಿ ಕಡತ ಹಾಳಾಗಬಹುದು, ಆಗಾಗ ತೆರೆದು ನೋಡಿ.

ಜನ ಮರೆಯುವುದು ಕೀಗಳನ್ನು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಸೇಫ್ ಮೋಡಿಗೆ (ಅತ್ಯಗತ್ಯ ತಂತ್ರಾಂಶ ಮಾತ್ರ ಚಾಲೂ ಆಗುವ ಸ್ಥಿತಿಗೆ) ಹೋಗಿ ಆ ಅಪ್‌ಡೇಟಿನ ಕಡತ ಅಳಿಸಿದರೆ ಮುಗಿಯುತ್ತಿತ್ತು. ಆದರೆ ಬೀಗವಿದ್ದ ಎಷ್ಟೋ ಯಂತ್ರಗಳು ಮೊದಲು 48 ಅಂಕಿ ಕೇಳಿದವು, ಕೀಗಳಿದ್ದ ಸರ್ವರೇ ಬಿದ್ದಿದ್ದ ಸಂಸ್ಥೆಗಳ ಸಿಬ್ಬಂದಿ ಕೈಕಟ್ಟಿ ಕುಳಿತರು. ಮನೆಯಲ್ಲೂ ಇದೇ ಆಗುತ್ತದೆ. ಕೀ ಖಾತೆಯಲ್ಲಿದೆ, ಖಾತೆ ತೆರೆಯಲು ಫೋನಿಗೆ ಸಂಕೇತ ಬರಬೇಕು, ಫೋನು ನೀರುಪಾಲಾಗಿದೆ. ಅದಕ್ಕೆ ರಿಕವರಿ ಕೀ ಜೊತೆಗೆ ಫೋನಿಲ್ಲದಾಗ ಬಳಸುವ ಇಮೇಲ್ ಖಾತೆಯ ಬ್ಯಾಕಪ್ ಸಂಕೇತಗಳನ್ನೂ ಮುದ್ರಿಸಿ, ನೀರು ತಾಗದ ಲಕೋಟೆಯಲ್ಲಿ ಹಾಕಿ, ಒಂದು ಪ್ರತಿಯನ್ನು ನಂಬಿಕಸ್ಥ ಬಂಧುವಿನ ಬಳಿ ಇಡಿ. ಲ್ಯಾಪ್‌ಟಾಪ್ ಚೀಲದಲ್ಲಿ ಮಾತ್ರ ಬೇಡ. ಕಳ್ಳನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒದ್ದೆಯಾದ ಡಿಸ್ಕಿಗೆ ವಿದ್ಯುತ್ ಕೊಟ್ಟು ‘ಓಡುತ್ತದೆಯೇ’ ಎಂದು ಪರೀಕ್ಷಿಸಬೇಡಿ, ಹೇರ್ ಡ್ರೈಯರಿನಿಂದ ಒಣಗಿಸಬೇಡಿ. ಇದ್ದ ಸ್ಥಿತಿಯಲ್ಲೇ ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯದವರಿಗೆ ಒಪ್ಪಿಸಿ. ಅವರೂ ಕೆಲಸ ಮುಗಿಸಿದ ಮೇಲೆ ಆ 48 ಅಂಕಿಗಳನ್ನು ಕೇಳುತ್ತಾರೆ.