ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೈಬ್ರಿಡ್ ಟೊಮೆಟೊ ಬೀಜ ಎರಡನೇ ಸಲ ಯಾಕೆ ಕೈಕೊಡುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದು ಟೊಮೆಟೊ ತೋಟದಿಂದ, ಒಂದು ಹಲಸಿನ ಮರದ ಬುಡದಿಂದ, ಒಂದು ರೇಷ್ಮೆ ಮನೆಯಿಂದ. ಕೊನೆಯದು ಒಬ್ಬ ಹುಡುಗಿಯ ಮದುವೆ ಮಾತು. ಎಲ್ಲದರ ಒಳಗಿರುವ ಲೆಕ್ಕ ಮಾತ್ರ ಒಂದೇ: ಅಪ್ಪ-ಅಮ್ಮನ ಗುಣ ಮಕ್ಕಳಿಗೆ ಹೇಗೆ ಹಂಚಿಕೆಯಾಗುತ್ತದೆ ಅನ್ನುವುದು.

ಪ್ರಶ್ನೆ: ಮೇಡಂ, ಹೋದ ವರ್ಷ ನರ್ಸರಿಯಿಂದ ಹೈಬ್ರಿಡ್ ಟೊಮೆಟೊ ಸಸಿ ತಂದು ಹಾಕಿದ್ದೆವು. ಹಣ್ಣೆಲ್ಲ ಒಂದೇ ಅಳತೆ, ಬಾಕ್ಸಿಗೆ ಜೋಡಿಸಿದರೆ ನೋಡೋಕೇ ಚೆಂದ. ಸಸಿ ದುಡ್ಡಾದರೂ ಉಳಿಯಲಿ ಅಂತ ನಾಲ್ಕು ಒಳ್ಳೆ ಹಣ್ಣಿನ ಬೀಜ ಒಣಗಿಸಿಟ್ಟು ಈ ಸಲ ನಾವೇ ಸಸಿ ಮಾಡಿದೆವು. 44 ಗಿಡ ಉಳಿದವು. ಒಂದು ಉದ್ದ, ಒಂದು ಗಿಡ್ಡ. ಕೆಲವು ಹಣ್ಣು ದುಂಡಗೆ, ಕೆಲವು ಕೋಳಿಮೊಟ್ಟೆ ಥರ. 12 ಗಿಡಕ್ಕೆ ಎಲೆ ಮುಟುರು ರೋಗ. ನಮ್ಮತ್ತೆ ರಾಗಿ ಬೀಜವನ್ನು ಹೀಗೇ ಎತ್ತಿಡುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಬೀಜದವರು ಬೇಕಂತಲೇ ಏನಾದರೂ ಸೇರಿಸುತ್ತಾರಾ?
(ರೈತ ಮಹಿಳೆ, ಮುಳಬಾಗಿಲು ತಾಲ್ಲೂಕು)

ಉತ್ತರ: ಏನೂ ಸೇರಿಸುವುದಿಲ್ಲ. ಸೇರಿಸುವ ಅಗತ್ಯವೂ ಇಲ್ಲ, ಗಿಡವೇ ಆ ಕೆಲಸ ಮಾಡಿಬಿಡುತ್ತದೆ.

ಮೊದಲು ಆ ಬೀಜ ಹೇಗೆ ತಯಾರಾಗುತ್ತದೆ ನೋಡಿ. ರಾಣೆಬೆನ್ನೂರು ಕಡೆ ಹೋದರೆ ಪರದೆ ಕಟ್ಟಿದ ತಾಕುಗಳಲ್ಲಿ ಹೆಣ್ಣುಮಕ್ಕಳು ಇದೇ ಕೆಲಸ ಮಾಡುತ್ತಿರುತ್ತಾರೆ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಚಿಮುಟದಲ್ಲಿ ಬಿಡಿಸಿ, ಒಳಗಿನ ಹಳದಿ ಕೊಳವೆಯಂಥ ಗಂಡುಭಾಗವನ್ನು ಕಿತ್ತು ಹಾಕುತ್ತಾರೆ. ಆಮೇಲೆ ಬೇರೆ ತಳಿಯ ಪರಾಗವನ್ನು ಆ ಹೂವಿಗೆ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಹೀಗೇ. ಪೊಟ್ಟಣದ ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಪೊಟ್ಟಣದ ಮೇಲೆ 'ಎಫ್-1' ಅಂತ ಇರುತ್ತದಲ್ಲ, ಅದರರ್ಥ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ.

ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಚೀಟಿ ಇರುತ್ತವೆ ಅಂದುಕೊಳ್ಳಿ. ಒಂದು ತಾಯಿಯದು, ಒಂದು ತಂದೆಯದು. ಈ ಚೀಟಿಗೇ ಜೀನ್ ಅಥವಾ ವಂಶವಾಹಿ ಅನ್ನುವುದು. ಹೈಬ್ರಿಡ್‌ನ ತಾಯಿ ತಳಿಯಲ್ಲಿ ಎರಡೂ ಚೀಟಿ ಒಂದೇ ಥರ, ತಂದೆ ತಳಿಯಲ್ಲೂ ಅಷ್ಟೇ. ಹಾಗಾಗಿ ಮಕ್ಕಳಿಗೆಲ್ಲ ಸಿಗುವುದು ಒಂದೇ ಜೋಡಿ. ಇಡೀ ತೋಟ ಅಚ್ಚೊತ್ತಿದ ಹಾಗೆ ಬರುತ್ತದೆ. ಆದರೆ ಆ ಮಕ್ಕಳ ಹತ್ತಿರ ಈಗ ಎರಡು ಬೇರೆ ಬೇರೆ ಚೀಟಿಗಳಿವೆ. ಅವು ತಾವು ಬೀಜ ಕಟ್ಟುವಾಗ ಇಸ್ಪೀಟ್ ಎಲೆ ಕಲೆಸಿದ ಹಾಗೆ ಕಲೆಸಿ ಹಂಚುತ್ತವೆ. ನಿಮ್ಮ ಹೈಬ್ರಿಡ್‌ನ ತಂದೆ-ತಾಯಿ ಬರೀ ಹತ್ತು ಜೀನ್‌ಗಳಲ್ಲಿ ಬೇರೆಯಾಗಿದ್ದರೂ, ಆ ಹತ್ತರಲ್ಲೂ ಹೋದ ವರ್ಷದ ಗಿಡದ ಜೋಡಿಯೇ ಮತ್ತೆ ಬರುವುದು 1,024 ಗಿಡಕ್ಕೆ ಒಂದರಂತೆ. ನೀವು ಹಾಕಿದ್ದು 44.

ರೋಗದ ಲೆಕ್ಕ ನನಗೆ ಖುಷಿ ಕೊಟ್ಟಿತು (ನಿಮಗೆ ಕೊಟ್ಟಿರುವುದಿಲ್ಲ, ಗೊತ್ತು). ಎಲೆ ಮುಟುರು ತಡೆಯುವ ಜೀನ್ ಆ ಹೈಬ್ರಿಡ್‌ಗೆ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ, ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಅದು ಸಿಗುವುದೇ ಇಲ್ಲ. 44ರಲ್ಲಿ ಕಾಲು ಭಾಗ ಅಂದರೆ 11. ನಿಮ್ಮಲ್ಲಿ 12. ಮೆಂಡೆಲ್ ಅನ್ನುವ ಪಾದ್ರಿ ಇದೇ ಲೆಕ್ಕವನ್ನು ಬ್ರನೋ ಊರಿನ ಮಠದ ತೋಟದಲ್ಲಿ ಬಟಾಣಿ ಗಿಡ ಎಣಿಸಿ ಕಂಡುಕೊಂಡರು, 1866ರಲ್ಲಿ ಅಚ್ಚು ಹಾಕಿಸಿದರು. ಅವರ ಎಣಿಕೆಯಲ್ಲಿ ಉದ್ದ ಗಿಡ 787, ಗಿಡ್ಡ 277. ಅಲ್ಲೂ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಗಿಡ್ಡ. ನಿಮ್ಮ ತೋಟದ ಪಾಠವೂ ಅದೇ.

ಇನ್ನು ಅತ್ತೆಯವರ ರಾಗಿ. ರಾಗಿ ಹೂವು ಕಣ್ಣಿಗೂ ಸರಿಯಾಗಿ ಕಾಣದಷ್ಟು ಚಿಕ್ಕದು, ಹೆಚ್ಚಾಗಿ ತನ್ನ ಪರಾಗದಲ್ಲೇ ತಾನು ಕಾಳು ಕಟ್ಟುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಹೀಗೇ ನಡೆದು ಎರಡೂ ಚೀಟಿ ಒಂದೇ ಆಗಿಬಿಟ್ಟಿವೆ. ಒಂದೇ ಥರದ ಎಲೆಗಳಿರುವ ಕಟ್ಟನ್ನು ಎಷ್ಟು ಕಲೆಸಿದರೂ ಬರುವುದು ಅದೇ ಎಲೆ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರಲ್ಲ, ಅವೂ ಮೊದಲು ಬೆರಕೆಯೇ. ಆಮೇಲೆ ಪೀಳಿಗೆಗಟ್ಟಲೆ ಆರಿಸಿ ಆರಿಸಿ ಸ್ಥಿರ ಮಾಡಿ ಕೊಟ್ಟರು. ಅದಕ್ಕೇ ರೈತರು ಕಣದಿಂದಲೇ ಬೀಜ ಎತ್ತಿಡಬಹುದಾಗಿತ್ತು.

ಟೊಮೆಟೊದಲ್ಲೂ ಬೀಜ ಎತ್ತಿಡಲೇಬೇಕು ಅಂದರೆ ಹೈಬ್ರಿಡ್ ಬಿಟ್ಟು, ರಾಗಿಯ ಹಾಗೆ ಸ್ಥಿರವಾದ ತಳಿ ಕೇಳಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ವಿಕಾಸ್ ಅಂಥದ್ದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್. ಅದರ ಬೀಜ ಎತ್ತಿಟ್ಟರೆ ಮತ್ತೆ ಇದೇ ಕಥೆ.

ಪ್ರಶ್ನೆ: ಈಗಿನ ಟೊಮೆಟೊ ಹದಿನೈದು ದಿನ ಹೊರಗಿಟ್ಟರೂ ಕೊಳೆಯುವುದಿಲ್ಲ. ಸಿಪ್ಪೆ ದಪ್ಪ, ಹುಳಿ ಇಲ್ಲ. ಇದು ಕುಲಾಂತರಿ, ತಿಂದರೆ ನಮ್ಮ ಜೀನ್ ಕೆಡುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವಾ?
(ಗೃಹಿಣಿ, ಚಿಕ್ಕಬಳ್ಳಾಪುರ)

ಉತ್ತರ: ಎರಡೂ ಸುಳ್ಳು. ನಮ್ಮ ದೇಶದಲ್ಲಿ ಕುಲಾಂತರಿ ಟೊಮೆಟೊ ಬೆಳೆಯಲು ಅನುಮತಿಯೇ ಇಲ್ಲ.

ಕೋಲಾರದ ಮಂಡಿಯಿಂದ ಹೊರಟ ಹಣ್ಣು ಲಾರಿಯಲ್ಲಿ ದಿನಗಟ್ಟಲೆ ಕುಲುಕಾಡಿ ಉತ್ತರದ ಊರುಗಳನ್ನು ಮುಟ್ಟಬೇಕು. ನಮ್ಮ ನಾಟಿ ಟೊಮೆಟೊ ಆ ದಾರಿಯಲ್ಲೇ ಚಟ್ನಿ ಆಗಿಬಿಡುತ್ತದೆ. ಅದಕ್ಕೆ ಗಟ್ಟಿ ಸಿಪ್ಪೆಯ ಗಿಡಗಳನ್ನೇ ಆರಿಸಿ, ಕೂಡಿಸಿ ತಳಿ ಮಾಡಿದ್ದಾರೆ. ಹಣ್ಣಾಗುವುದನ್ನು ನಿಧಾನ ಮಾಡುವ 'ರಿನ್' ಎಂಬ ಜೀನ್ ಬದಲಾವಣೆ ಟೊಮೆಟೊ ಗಿಡದಲ್ಲೇ ತಾನಾಗಿ ಕಾಣಿಸಿಕೊಂಡದ್ದು. ಜಗತ್ತಿನ ಎಷ್ಟೋ ಹೈಬ್ರಿಡ್‌ಗಳಲ್ಲಿ ಅದನ್ನು ಬಳಸಿಕೊಂಡಿದ್ದಾರೆ. ಸಾಲದ್ದಕ್ಕೆ ದೋರಗಾಯಿ ಇರುವಾಗಲೇ ಕೀಳುತ್ತಾರೆ, ರುಚಿ ಎಲ್ಲಿಂದ ಬರಬೇಕು? ಸಾರಿಗೆ ನಾನೂ ನಾಟಿಯನ್ನೇ ಹುಡುಕುತ್ತೇನೆ. (ನಾಟಿ ಅಂದರೂ ಅದು ನಮ್ಮದಲ್ಲ ಬಿಡಿ. ಟೊಮೆಟೊ ಬಂದಿದ್ದೇ ದಕ್ಷಿಣ ಅಮೆರಿಕದಿಂದ.)

ಕುಲಾಂತರಿ ಅಂದರೆ ಕಲೆಸುವ ಆಟ ಅಲ್ಲ. ಪ್ರಯೋಗಶಾಲೆಯಲ್ಲಿ ಒಂದು ಇಸ್ಪೀಟ್ ಎಲೆಯನ್ನು, ಅಂದರೆ ಒಂದು ಜೀನನ್ನು, ಬೇಕೆಂದೇ ಕಟ್ಟಿನೊಳಗೆ ತೂರಿಸುವುದು. ಆ ಎಲೆ ಬೇರೆ ಜೀವಿಯದ್ದೂ ಆಗಿರಬಹುದು. ನಮ್ಮಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಹಾಗೇ ಆದದ್ದು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಹತ್ತಿಗೆ ಸೇರಿ, ಕಾಯಿಕೊರಕ ಹುಳಕ್ಕೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುತ್ತದೆ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆಹಿಡಿದರು. ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯುತ್ತಿದ್ದಾರೆ. ಕುಲಾಂತರಿ ಟೊಮೆಟೊ ಕೂಡ ಜಗತ್ತಿನಲ್ಲಿ ಇಲ್ಲದ್ದೇನಲ್ಲ. 1994ರಲ್ಲಿ ಅಮೆರಿಕದಲ್ಲಿ 'ಫ್ಲೇವರ್ ಸೇವರ್' ಅಂತ ಬಂದಿತ್ತು. ಹಣ್ಣನ್ನು ಮೆತ್ತಗೆ ಮಾಡುವ ಅದರದ್ದೇ ಜೀನನ್ನು ಅಡಗಿಸಿದ್ದರು. ಲಾಭ ಗಿಟ್ಟದೆ ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಮಾಯವಾಯಿತು.

ತಿಂದರೆ ಜೀನ್ ಕೆಡುವ ಮಾತು. ನೀವು ಬಸ್ಸಾರಿಗೆ ಹಾಕುವ ಪ್ರತಿ ಸೊಪ್ಪಿನ ಪ್ರತಿ ಜೀವಕೋಶದಲ್ಲೂ ಸಾವಿರಾರು ಜೀನ್ ಇವೆ. ಹೊಟ್ಟೆಗೆ ಹೋದ ಮೇಲೆ ಅವೂ ಚೂರುಚೂರಾಗಿ ಜೀರ್ಣವಾಗುತ್ತವೆ. ಸೊಪ್ಪು ತಿಂದು ಯಾರೂ ಹಸಿರಾಗಿಲ್ಲ ಅಲ್ವಾ? ಕುಲಾಂತರಿ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಹೊಸ ಪ್ರೋಟೀನಿನಿಂದ ಅಲರ್ಜಿ ಆಗುತ್ತದಾ, ಬೀಜ ಯಾರ ಕೈಯಲ್ಲಿರುತ್ತದೆ, ಹುಳ ಎಷ್ಟು ದಿನ ಬಗ್ಗುತ್ತದೆ. ಬಿಟಿ ಹತ್ತಿಯನ್ನೂ ಜಗ್ಗದೆ ತಿನ್ನುವ ಗುಲಾಬಿ ಕಾಯಿಕೊರಕ ಈಗಾಗಲೇ ಬಂದಾಗಿದೆ. ನನ್ನ ಮಟ್ಟಿಗೆ ಜಗಳ ಆಡಬೇಕಾದದ್ದು ಅದರ ಬಗ್ಗೆ.

ಪ್ರಶ್ನೆ: ಅಜ್ಜ ನೆಟ್ಟ ಹಲಸಿನ ಮರದ ತೊಳೆ ಕೆಂಪಗೆ, ಜೇನಿನಂಥ ರುಚಿ. ಅದರದ್ದೇ ಬೀಜ ಹಾಕಿ ಎಂಟು ವರ್ಷ ಕಾದೆ. ಕೊನೆಗೆ ಬಂದಿದ್ದು ಬಿಳಿ ತೊಳೆ, ಸಪ್ಪೆ. ಮಣ್ಣಿನ ದೋಷವಾ?
(ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ)

ಉತ್ತರ: ಮಣ್ಣನ್ನು ಬೈಯಬೇಡಿ. ಆ ಬೀಜಕ್ಕೆ ತಾಯಿ ಯಾರು ಅಂತ ಗೊತ್ತು, ತಂದೆ ಯಾರು ಅಂತ ಗೊತ್ತಿಲ್ಲ. ಹಲಸಿನಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪಕ್ಕದ ಹೊಲದ ಯಾವ ಮರದ ಪರಾಗ ಬಂದಿತ್ತೋ!

ಅಜ್ಜನ ಮರವೇ ಬೇಕು ಅಂದರೆ ಕಲೆಸಲೇಬಾರದು, ಅಂದರೆ ಬೀಜದ ದಾರಿಗೇ ಹೋಗಬಾರದು. ಆ ಮರದ ಕಡ್ಡಿಯನ್ನೇ ಬೇರೆ ಹಲಸಿನ ಸಸಿಗೆ ಕಸಿ ಕಟ್ಟಬೇಕು. ಕಡ್ಡಿಯ ಮೇಲೆ ಬೆಳೆಯುವುದೆಲ್ಲ ಅಜ್ಜನ ಮರವೇ, ಬೇರು ಮಾತ್ರ ಇನ್ನೊಂದರದ್ದು. ನಿಮ್ಮ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಊರೂರಿಗೆ ಹೋದದ್ದು ಹೀಗೇ, ಒಂದೇ ಒಂದು ಮರದಿಂದ. ತುಮಕೂರು ಪಕ್ಕದ ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದಲ್ಲಿ ಕಸಿಯ ಬಗ್ಗೆ ಕೇಳಿ. ಮರ ಮುಪ್ಪಾಗಿದ್ದರೆ ತಡ ಮಾಡಬೇಡಿ, ಒಂದು ಗಾಳಿಮಳೆ ಸಾಕು. ಆ ಎಂಟು ವರ್ಷದ ಮರವನ್ನೂ ಕಡಿಯಬೇಡಿ. ಸಪ್ಪೆ ಹಲಸು ಎಳೆಗಾಯಿ ಪಲ್ಯಕ್ಕೆ ಬಹಳ ಚೆನ್ನ.

ಪ್ರಶ್ನೆ: ನಮ್ಮಪ್ಪ ಸಿಬಿ (ಎರಡು ತಳಿ ಕೂಡಿಸಿದ ಮಿಶ್ರತಳಿ) ರೇಷ್ಮೆ ಗೂಡು ಬೆಳೆಯುತ್ತಾರೆ, ಹಳದಿ. ಚಿಕ್ಕಪ್ಪನದು ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ), ಬಿಳಿ. ಎರಡೂ ತಿನ್ನುವುದು ಅದೇ ಹಿಪ್ಪುನೇರಳೆ ಸೊಪ್ಪು. ಬಣ್ಣ ಯಾಕೆ ಬೇರೆ? ಚಂದ್ರಿಕೆಯಲ್ಲಿ (ಹುಳ ಗೂಡು ಕಟ್ಟುವ ತಟ್ಟೆ) ನಾಲ್ಕು ಗೂಡು ಬಿಟ್ಟು ಚಿಟ್ಟೆ ಮಾಡಿ ನಾವೇ ಮೊಟ್ಟೆ ಇಡಿಸಬಹುದಲ್ಲ?
(ಪಿಯುಸಿ ವಿದ್ಯಾರ್ಥಿ, ಶಿಡ್ಲಘಟ್ಟ)

ಉತ್ತರ: ಬಣ್ಣ ಇರುವುದು ಸೊಪ್ಪಿನಲ್ಲಿ. ಅದನ್ನು ರೇಷ್ಮೆಯವರೆಗೆ ದಾಟಿಸಬೇಕೋ ಬೇಡವೋ ಅಂತ ತೀರ್ಮಾನಿಸುವುದು ಹುಳದ ಜೀನ್. ನಿಮ್ಮಪ್ಪನ ಸಿಬಿ ಹುಳದ ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2ರಂಥ ಬಿಳಿ ಗೂಡಿನ ಬೈವೋಲ್ಟೀನ್. ಮಗುವಿಗೆ ಅಮ್ಮನ ಬಣ್ಣ ಬಂದಿದೆ. ಈ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವುದು ಕುಣಿಗಲ್, ಮಾಗಡಿ ಕಡೆ.

ತಾಯಿ ಮೈಸೂರಿನದೇ ಆಗಿರುವುದಕ್ಕೆ ಒಂದು ಜಾಣ ಕಾರಣವಿದೆ. ಮೊಟ್ಟೆ ತಕ್ಷಣ ಒಡೆಯಬೇಕೋ, ತಿಂಗಳುಗಟ್ಟಲೆ ಮಲಗಬೇಕೋ ಅನ್ನುವುದು ಹೆಚ್ಚಾಗಿ ತಾಯಿಯ ಕಡೆಯಿಂದಲೇ ನಿರ್ಧಾರವಾಗುತ್ತದೆ. ಮೈಸೂರು ತಾಯಿಯ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆದು ಹುಳವಾಗುತ್ತದೆ. ಬೈವೋಲ್ಟೀನ್ ತಾಯಿಯ ಮೊಟ್ಟೆಯನ್ನು ಆಸಿಡ್ ಉಪಚಾರ ಮಾಡಿಯೋ, ತಣ್ಣಗಿನ ಕೋಣೆಯಲ್ಲಿಟ್ಟೋ ಎಬ್ಬಿಸಬೇಕು.

ಮನೆಯಲ್ಲೇ ಮೊಟ್ಟೆ ಇಡಿಸಿದರೆ ಏನಾಗುತ್ತದೆ? ಮೇಲೆ ಟೊಮೆಟೊದಲ್ಲಿ ಆಯಿತಲ್ಲ, ಅದೇ. ಬಣ್ಣ, ಗಾತ್ರ ಎಲ್ಲ ಬೆರಕೆಯಾದ ಗೂಡನ್ನು ನೂಲು ತೆಗೆಯುವ ರೀಲರ್ ಮೂಸಿಯೂ ನೋಡುವುದಿಲ್ಲ. ಇನ್ನೂ ದೊಡ್ಡ ಅಪಾಯ ಗಂಟುರೋಗ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಕಾಯಿಲೆ ಅದು. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅದಕ್ಕೇ. ಕುತೂಹಲಕ್ಕೆ ನಾಲ್ಕು ಗೂಡು ಬಿಡುವುದಾದರೆ ಹುಳದ ಮನೆಯಿಂದ ದೂರ ಇಟ್ಟುಕೊಂಡು ನೋಡಿ. ಜಪಾನಿನ ತೊಯಾಮಾ ಎಂಬ ವಿಜ್ಞಾನಿ ಮೆಂಡೆಲ್ ಲೆಕ್ಕ ಹುಳಕ್ಕೂ ಹೊಂದುತ್ತದೆ ಅಂತ 1906ರಲ್ಲಿ ತೋರಿಸಿದ್ದು ರೇಷ್ಮೆ ಹುಳ ಸಾಕಿಯೇ.

ಪ್ರಶ್ನೆ: ಮೂರೂ ಹೆಣ್ಣೇ ಹುಟ್ಟಿದವು ಅಂತ ಸೊಸೆಯನ್ನು ದೂರುವವರಿಗೆ ಏನು ಹೇಳಲಿ?
(ಪಾವಗಡ)

ಉತ್ತರ: ಹೆಂಗಸು ಕೊಡುವುದು ಯಾವಾಗಲೂ ಎಕ್ಸ್ ಕ್ರೋಮೋಸೋಮ್ (ಜೀನ್‌ಗಳಿರುವ ಎಳೆ). ಎಕ್ಸ್ ಅಥವಾ ವೈ ಕೊಡುವವನು ಗಂಡ: ಎಕ್ಸ್ ಬಂದರೆ ಹೆಣ್ಣುಮಗು, ವೈ ಬಂದರೆ ಗಂಡುಮಗು. ಅವನೂ ಆರಿಸಿ ಕೊಡುವುದಿಲ್ಲ, ನಾಣ್ಯ ಚಿಮ್ಮಿದ ಹಾಗೆ ಅದು. ಕೋಳಿಯಲ್ಲಿ, ರೇಷ್ಮೆ ಚಿಟ್ಟೆಯಲ್ಲಿ ಇದು ಉಲ್ಟಾ, ಅಲ್ಲಿ ತೀರ್ಮಾನ ತಾಯಿಯದು. ದೂರುವವರು ಸೊಸೆಯನ್ನು ಬಿಟ್ಟು ಕೋಳಿಯನ್ನು ದೂರಲಿ.

ಪ್ರಶ್ನೆ: ನನಗೆ 22. ಅಮ್ಮನ ತಮ್ಮನಿಗೇ ಕೊಟ್ಟು ಮದುವೆ ಮಾಡುವ ಮಾತು ನಡೆದಿದೆ. ಅಕ್ಕನನ್ನು ಅತ್ತೆ ಮಗನಿಗೆ ಕೊಟ್ಟಿದೆ, ಅವಳ ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನನಗೆ ಭಯ. ಮನೆಯಲ್ಲಿ 'ನಮ್ಮಜ್ಜಿಯೂ ಮಾವನನ್ನೇ ಆಗಿದ್ದು' ಅನ್ನುತ್ತಾರೆ.
(ಚಿಂತಾಮಣಿ)

ಉತ್ತರ: ಭಯಕ್ಕೆ ಕಾರಣ ಇದೆ, ಆದರೆ ಲೆಕ್ಕ ನೀವು ಅಂದುಕೊಂಡಷ್ಟು ನೇರ ಇಲ್ಲ. ನಿಧಾನವಾಗಿ ಓದಿ.

ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಕೆಲವು ಕೆಟ್ಟ ಜೀನ್‌ಗಳಿವೆ. ಜೋಡಿಯ ಇನ್ನೊಂದು ಚೀಟಿ ಚೆನ್ನಾಗಿರುವುದರಿಂದ ತೊಂದರೆ ಕಾಣಿಸುವುದಿಲ್ಲ. ಅದೇ ಕೆಟ್ಟ ಚೀಟಿ ಅಪ್ಪ-ಅಮ್ಮ ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟವೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರನ್ನು ಮದುವೆಯಾದರೆ ಅವರಲ್ಲೂ ಅದೇ ಚೀಟಿ ಇರುವುದು ಅಪರೂಪ. ಸಂಬಂಧದಲ್ಲಿ ಹಾಗಲ್ಲ. ಅತ್ತೆ ಮಗ, ಮಾವನ ಮಗಳು ಆದರೆ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನ್ ಒಂದೇ. ಸೋದರಮಾವ ಮತ್ತು ಅಕ್ಕನ ಮಗಳು ಆದರೆ ನಾಲ್ಕರಲ್ಲಿ ಒಂದು ಪಾಲು. ಹುಟ್ಟುವ ಮಗುವಿಗೆ ದೊಡ್ಡ ತೊಂದರೆ ಇರುವ ಸಾಧ್ಯತೆ ಎಲ್ಲರಿಗೂ ನೂರಕ್ಕೆ ಸುಮಾರು 2ರಿಂದ 3 ಇದ್ದೇ ಇದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸೋದರಮಾವನಾದರೆ ಇನ್ನೂ ಜಾಸ್ತಿ. ಅಜ್ಜಿಗೆ ಏನೂ ಆಗಲಿಲ್ಲ ಅನ್ನುವುದು ನಿಜವೇ ಇರಬಹುದು. ನೂರಕ್ಕೆ ತೊಂಬತ್ತು ಜನಕ್ಕೆ ಆಗುವುದಿಲ್ಲ. ಅಜ್ಜಿಯ ಮದುವೆ ನಿಮ್ಮ ಮಗುವಿಗೆ ಗ್ಯಾರಂಟಿ ಅಲ್ಲ, ಅಷ್ಟೇ.

ಇನ್ನು ಅಕ್ಕನ ಮಗು. ಕಿವುಡು ಯಾವಾಗಲೂ ವಂಶದಿಂದಲೇ ಬರುವುದಲ್ಲ. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಆಗಿದ್ದರೂ, ಹುಟ್ಟಿದಾಗ ಮಗುವಿಗೆ ಕಾಮಾಲೆ ವಿಪರೀತ ಏರಿದ್ದರೂ ಬರಬಹುದು. ವಂಶದಿಂದಲೇ ಅಂತಾದರೆ, ಅಕ್ಕ ಮತ್ತು ಭಾವ ಇಬ್ಬರಿಗೂ ಆ ಜೀನ್ ಬಂದಿರುವುದು ಬಹುಶಃ ನಿಮ್ಮ ಅಪ್ಪನ ಕಡೆಯಿಂದ. ಮಾವ ಅಮ್ಮನ ಕಡೆಯವರು. ನಿಮ್ಮ ಅಪ್ಪ-ಅಮ್ಮನೂ ಸಂಬಂಧಿಕರಲ್ಲದಿದ್ದರೆ ಅದೇ ಜೀನ್ ಮಾವನಲ್ಲೂ ಇರುವ ಸಾಧ್ಯತೆ ಕಡಿಮೆ. ಸಂಬಂಧಿಕರೇ ಆಗಿದ್ದರೆ ಲೆಕ್ಕ ಬೇರೆ. ಅದು ಹೋದರೂ, ನಿಮಗೂ ಮಾವನಿಗೂ ಒಂದೇ ಆಗಿರುವ ಆ ನಾಲ್ಕರಲ್ಲೊಂದು ಪಾಲು ಜೀನ್‌ಗಳ ಅಪಾಯ ಹಾಗೇ ಉಳಿಯುತ್ತದೆ.

ಹಾಗಾಗಿ ಪರೀಕ್ಷೆ ಅಕ್ಕನ ಮಗುವಿನಿಂದ ಶುರುವಾಗಬೇಕು, ನಿಮ್ಮಿಂದಲ್ಲ. ಯಾವ ಜೀನ್ ಅಂತ ಗೊತ್ತಾದರೆ ಆಮೇಲೆ ನಿಮ್ಮದೂ ಮಾವನದೂ ರಕ್ತದಲ್ಲಿ ಅದನ್ನೇ ಹುಡುಕಬಹುದು. ಸುಮ್ನೆ ಎಲ್ಲಾ ಟೆಸ್ಟ್ ಮಾಡಿಸಿ ದುಡ್ಡು ಕಳೆಯಬೇಡಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ಇಂಥದ್ದಕ್ಕೆ ಆಪ್ತಸಲಹೆ ಸಿಗುತ್ತದೆ. ಮಗುವಿನ ಕಿವಿಯ ಚಿಕಿತ್ಸೆಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮಗು ಚಿಕ್ಕದಿದ್ದಾಗಲೇ ಹೋದಷ್ಟೂ ಮಾತು ಕಲಿಯುವುದು ಸುಲಭ, ಅಕ್ಕನಿಗೆ ಮೊದಲು ಅದನ್ನು ಹೇಳಿ. ಹೋಗುವಾಗ ಮೂರು ತಲೆಮಾರಿನ ಸಂಬಂಧ ಬರೆದ ಹಾಳೆ ಜೊತೆಗಿರಲಿ: ಯಾರು ಯಾರನ್ನು ಆದರು, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಯಾರು, ಯಾರಿಗೆ ಏನಿತ್ತು. ಅಜ್ಜಿಯನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ, ಅವರಿಗೆ ಎಲ್ಲ ನೆನಪಿರುತ್ತದೆ. ಅದೆಲ್ಲ ಆಗುವ ತನಕ ನಿಶ್ಚಿತಾರ್ಥದ ದಿನ ಗೊತ್ತು ಮಾಡಬೇಡಿ ಅಂತ ಅಮ್ಮನಿಗೆ ಈಗಲೇ ಹೇಳಿ. ಇನ್ನು ಆ ಮಾವನನ್ನು ಮದುವೆಯಾಗಲು ನಿಮಗೆ ಮನಸ್ಸಿಲ್ಲ ಅಂತಿದ್ದರೆ, ಬೇಡ ಅನ್ನಲು ಯಾವ ಜೀನಿನ ಸಾಕ್ಷಿಯೂ ಬೇಕಿಲ್ಲ.