ಹಳ್ಳಿ ಕ್ಲಿನಿಕ್ಕಿನಲ್ಲಿ ಡಾಕ್ಟರೇ ಮಾತ್ರೆ ಕೊಡಬೇಕೋ, ಚೀಟಿ ಬರೆದು ಮೆಡಿಕಲ್ ಶಾಪಿಗೆ ಕಳಿಸಬೇಕೋ?

ಹೋಬಳಿ ಊರಲ್ಲಿ ಹೊಸ ಕ್ಲಿನಿಕ್, ಹತ್ತಿರದ ಮೆಡಿಕಲ್ ಶಾಪ್ 9 ಕಿಲೋಮೀಟರ್ ದೂರ, ಮಾತ್ರೆ ನಾನೇ ಇಟ್ಟುಕೊಂಡು ಕೊಡಲೇ, ಇಲ್ಲಾ ಮುಂದಿನ ಕೋಣೆಯನ್ನು ಫಾರ್ಮಸಿಸ್ಟ್ ಒಬ್ಬರಿಗೆ ಬಾಡಿಗೆಗೆ ಬಿಡಲೇ ಅಂತ ಕೇಳಿದ್ದೀರಿ. ನಾನು ಹೊಸನಗರದ ಕಡೆ ಕ್ಲಿನಿಕ್ ತೆರೆದಾಗ ಪರಿಸ್ಥಿತಿ ಹೀಗೇ ಇತ್ತು. ಹೆಚ್ಚು ಯೋಚಿಸದೆ ಎರಡು ಕಬ್ಬಿಣದ ಕಪಾಟು ತರಿಸಿ ಮಾತ್ರೆ ತುಂಬಿದೆ. ನಾಲ್ಕು ವರ್ಷ ಸಲೀಸಾಗಿ ನಡೆಯಿತು. ಆಮೇಲೆ ನನ್ನ ಕೈಬರಹದಿಂದಲೇ ಒಬ್ಬ ಅಜ್ಜಿಯ ಜೀವ ಹೋಗುವುದರಲ್ಲಿತ್ತು.

ಅಜ್ಜಿಗೆ ಕೀಲುಕೀಲಿನ ಸಂಧಿವಾತ. ಶಿವಮೊಗ್ಗದ ತಜ್ಞರು ಮೆಥೊಟ್ರೆಕ್ಸೇಟ್ ಶುರು ಮಾಡಿದ್ದರು: 2.5 ಮಿಲಿಗ್ರಾಂನ ಮೂರು ಮಾತ್ರೆ, ವಾರಕ್ಕೆ ಒಂದೇ ದಿನ. ಅಷ್ಟು ದೂರ ಯಾಕೆ ಓಡಾಡುತ್ತೀರಿ, ನಾನೇ ತರಿಸಿಕೊಡುತ್ತೇನೆ ಅಂದೆ. ಐದು ಸ್ಟ್ರಿಪ್ ತರಿಸಿ, ಎಂಟು ವಾರಕ್ಕೆ 24 ಮಾತ್ರೆ ಎಣಿಸಿ ಕಂದು ಕವರಿಗೆ ಹಾಕಿದೆ. ಎಲ್ಲರ ಕವರಿನಂತೆ ಅದರ ಮೇಲೂ ಮೂರು ಖಾನೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಬೆಳಿಗ್ಗೆಯ ಖಾನೆಯಲ್ಲಿ ‘3’ ಅಂತ ಬರೆದು ಕೆಳಗೆ ‘8 ವಾರ’ ಅಂತ ಗೀಚಿದೆ. ವಾರಕ್ಕೊಂದೇ ಸಲ ಅಂತ ಬಾಯಲ್ಲಿ ಹೇಳಿದ್ದೂ ಹೌದು, ಆದರೆ ಹೇಳಿದ್ದು ಅಜ್ಜಿಗೆ. ಮನೆಯಲ್ಲಿ ಮಾತ್ರೆ ಎತ್ತಿಕೊಡುವವನು ಮಗ. ಅವನು ಹೊರಗೆ ಬೈಕಿನ ಹತ್ತಿರ ನಿಂತಿದ್ದ.

ಆ ಕವರನ್ನು ಒಮ್ಮೆ ನೀವೇ ಓದಿ. ಬೆಳಿಗ್ಗೆ 3, 8 ವಾರ. ಕನ್ನಡ ಬಲ್ಲ ಯಾರೇ ಆದರೂ ‘ದಿನಾ ಬೆಳಿಗ್ಗೆ ಮೂರು, ಎಂಟು ವಾರದ ತನಕ’ ಅಂತಲೇ ಓದುತ್ತಾರೆ. ಮಗ ಓದಿದ್ದು ಸರಿ, ನಾನು ಬರೆದಿದ್ದು ತಪ್ಪು. ಮೂರು ಖಾನೆಯ ಕವರ್ ಇರುವುದೇ ದಿನದ ಲೆಕ್ಕಕ್ಕೆ. ವಾರದ ಮಾತ್ರೆಗೆ ಅದರಲ್ಲಿ ಜಾಗವೇ ಇಲ್ಲ.

24 ಮಾತ್ರೆ ಎಂಟೇ ದಿನಕ್ಕೆ ಮುಗಿಯಿತು. ಒಂಬತ್ತನೇ ದಿನ ಮಗ ಖಾಲಿ ಕವರ್ ಹಿಡಿದು ಬಂದ. ನಾನು ಮದುವೆಗೆ ಅಂತ ಊರು ಬಿಟ್ಟಿದ್ದೆ. ನಮ್ಮ ಕಾಂಪೌಂಡರ್ ಹುಡುಗ ಕವರ್ ನೋಡಿ, ಕಪಾಟಿನಲ್ಲಿ ಉಳಿದಿದ್ದರಿಂದ ಮತ್ತೆ 24 ಎಣಿಸಿ ಕೊಟ್ಟ. ಹನ್ನೆರಡನೇ ದಿನ ಅಜ್ಜಿಯನ್ನು ಕರೆತಂದರು. ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯದು. ನನ್ನ ಕೈ ಬಿ ಕಾಂಪ್ಲೆಕ್ಸ್ ಡಬ್ಬದ ಕಡೆ ಹೋಗಿತ್ತು. ಸುಮ್ಮನೆ ಕೇಳಿದೆ, ಕೀಲುನೋವಿನ ಮಾತ್ರೆ ಬಿಟ್ಟಿಲ್ಲ ತಾನೇ ಅಂತ. “ಒಂದು ದಿನಾನೂ ಬಿಟ್ಟಿಲ್ಲ ಡಾಕ್ಟ್ರೇ, ದಿನಾ ಮೂರು” ಅಂದ ಮಗ.

ಈ ಔಷಧ ಜೀವಕೋಶಗಳಿಗೆ ಫೋಲೇಟ್ ಅನ್ನುವ ವಿಟಮಿನ್ ಬಳಸಲು ಬಿಡುವುದಿಲ್ಲ. ವಾರಕ್ಕೊಂದು ದಿನ ಕೊಟ್ಟರೆ ಉಳಿದ ಆರು ದಿನ ದೇಹ ಚೇತರಿಸಿಕೊಳ್ಳುತ್ತದೆ. ದಿನಾ ಕೊಟ್ಟರೆ ಬೇಗ ಬೇಗ ಹುಟ್ಟುವ ಕೋಶಗಳೇ ಮೊದಲು ಸಾಯುತ್ತವೆ: ಬಾಯಿಯ ಒಳಪದರ, ಕರುಳು, ಮೂಳೆಯ ಮಜ್ಜೆ. ಔಷಧ ಹೊರಹೋಗುವುದು ಮೂತ್ರಪಿಂಡದಿಂದ, ಅದು ವಯಸ್ಸಾದವರಲ್ಲಿ ನಿಧಾನ. ಇದಕ್ಕೆ ಮಾಮೂಲಿ ಫೋಲಿಕ್ ಆಸಿಡ್ ಮಾತ್ರೆ ಸಾಲದು, ಯಾಕೆಂದರೆ ಅದನ್ನು ಸಕ್ರಿಯ ರೂಪಕ್ಕೆ ತರುವ ಕಿಣ್ವವನ್ನೇ ಮೆಥೊಟ್ರೆಕ್ಸೇಟ್ ತಡೆದಿರುತ್ತದೆ, ಆ ಕಿಣ್ವದ ಹಂಗಿಲ್ಲದೆ ಕೆಲಸ ಮಾಡುವ ಲ್ಯೂಕೊವೊರಿನ್ ಬೇಕು. ಅಜ್ಜಿಯನ್ನು ಅವತ್ತೇ ಶಿವಮೊಗ್ಗಕ್ಕೆ ಕಳಿಸಿದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ನೆಲ ಕಚ್ಚಿದ್ದವು. ಎರಡು ವಾರ ಇದ್ದು ಬದುಕಿ ಬಂದರು. ಆ ಮನೆಯವರು ಮತ್ತೆ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಿಲ್ಲ, ಹತ್ತಬೇಕು ಅಂತ ನಾನು ನಿರೀಕ್ಷಿಸಲೂ ಇಲ್ಲ.

ಕವರ್ ತಪ್ಪು ಅಂದೆ. ಅದಕ್ಕಿಂತ ದೊಡ್ಡ ತಪ್ಪು ಅದರ ಹಿಂದಿದೆ. ಮಾತ್ರೆ ನಾನೇ ಕೊಡುತ್ತೇನಲ್ಲ ಅಂತ ನಾನು ಚೀಟಿಯನ್ನೇ ಬರೆಯುತ್ತಿರಲಿಲ್ಲ. ಇದ್ದದ್ದು ನನ್ನ ಕೇಸ್ ಶೀಟ್ ಮಾತ್ರ, ನನ್ನ ಅಕ್ಷರದಲ್ಲಿ, ನನ್ನ ಡ್ರಾಯರಿನಲ್ಲಿ. ನನ್ನ ಪೆನ್ನಿಗೂ ಅಜ್ಜಿಯ ಬಾಯಿಗೂ ನಡುವೆ ಇನ್ನೊಂದು ಜೊತೆ ಕಣ್ಣು ಇರಲಿಲ್ಲ. ಚೀಟಿ ಮೆಡಿಕಲ್ ಶಾಪಿಗೆ ಹೋಗಿದ್ದರೆ ಅಲ್ಲಿ ಕೂತವರು ಒಂದು ಗುಣಾಕಾರವನ್ನಾದರೂ ಮಾಡುತ್ತಿದ್ದರು: ದಿನಾ ಮೂರು, ಎಂಟು ವಾರ ಅಂದರೆ 168 ಮಾತ್ರೆ ಆಗಬೇಕು, ಇಲ್ಲಿ 24 ಬರೆದಿದ್ದಾರೆ, ಏನೋ ಎಡವಟ್ಟು. ಎಂಟು ವಾರದ ಮಾತ್ರೆಗೆ ಒಂಬತ್ತನೇ ದಿನ ವಾಪಸ್ ಬಂದವನನ್ನು ನಿಲ್ಲಿಸಿ ಕೇಳುತ್ತಿದ್ದರು. ಬೇಗ ವಾಪಸ್ ಬರುವ ರೋಗಿಗಿಂತ ದೊಡ್ಡ ಎಚ್ಚರಿಕೆ ಗಂಟೆ ಇನ್ನೊಂದಿಲ್ಲ.

ಹಾಗಾಗಿ ‘ಡಾಕ್ಟರೋ ಫಾರ್ಮಸಿಸ್ಟೋ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಕಿಟಕಿಯಿಂದ ಪೊಟ್ಟಣ ಚಾಚುವ ಕೈ ಇಬ್ಬರದ್ದೂ ಅಲ್ಲ, ಪಿಯುಸಿ ಓದಿದ ಹುಡುಗನದ್ದು. ಬರೆದವನಲ್ಲದ ಇನ್ನೊಬ್ಬ ತಿಳಿದವನು ಅದನ್ನು ಓದಿದನೇ ಇಲ್ಲವೇ ಅಂತ ಕೇಳಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ನೀವು ಹೆದರಿದಷ್ಟು ಅಲ್ಲಿ ಏನಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿ ನೋಡಿ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ; ಆದರೆ ವೈದ್ಯ ತನ್ನ ಸ್ವಂತ ರೋಗಿಗೆ ಕೊಡುವುದಕ್ಕೆ ಅಲ್ಲೇ ವಿನಾಯಿತಿ ಇದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ಕೆ, 5ನೇ ನಮೂದು ಮಾರಾಟದ ಲೈಸೆನ್ಸಿನಿಂದಲೂ ವಿನಾಯಿತಿ ಕೊಡುತ್ತದೆ. ಷರತ್ತು ಏನೆಂದರೆ ತೆರೆದ ಅಂಗಡಿ ಇಡಬಾರದು, ಕೌಂಟರ್ ವ್ಯಾಪಾರ ಮಾಡಬಾರದು. ತಮಿಳುನಾಡಿನ ಚರ್ಮರೋಗ ತಜ್ಞೆಯೊಬ್ಬರು ಅಲ್ಪಸ್ವಲ್ಪ ಔಷಧ ಇಟ್ಟುಕೊಂಡಿದ್ದಕ್ಕೆ ಹಾಕಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ರದ್ದು ಮಾಡಿದ್ದು ಇದೇ ನಮೂದಿನ ಆಧಾರದ ಮೇಲೆ. ಆದರೆ ‘ಸ್ವಂತ ರೋಗಿ’ ಅನ್ನುವುದನ್ನು ಗಟ್ಟಿಯಾಗಿ ಹಿಡಿಯಿರಿ. ಬೇರೆ ಡಾಕ್ಟರ ಚೀಟಿ ಹಿಡಿದು ಬಂದವರಿಗೆ ನೋಡದೆ ಕೊಟ್ಟರೆ ಅದು ಅಂಗಡಿ. ನೀವಿಲ್ಲದ ದಿನ ಹುಡುಗ ‘ಹೋದ ಸಲದ್ದೇ’ ಕೊಟ್ಟರೆ ಅದೂ ಅಂಗಡಿ. ಅಜ್ಜಿಯ ವಿಷಯದಲ್ಲಿ ಒಂಬತ್ತನೇ ದಿನ ನಡೆದದ್ದು ಅದೇ.

ಈಗ ನಿಮಗೆ ನನ್ನ ಮಾತು: ಇಟ್ಟುಕೊಳ್ಳಿ, ಆದರೆ ಎರಡು ಮೂರು ದಿನದ ಔಷಧ ಮಾತ್ರ. ರಾತ್ರಿ ಜ್ವರ ಬಂದ ಮಗುವನ್ನು 9 ಕಿಲೋಮೀಟರ್ ಓಡಿಸಬೇಡಿ. ಬಿಪಿ, ಸಕ್ಕರೆ, ಥೈರಾಯ್ಡ್, ಮೂರ್ಛೆ, ಸಂಧಿವಾತದ ತಿಂಗಳುಗಟ್ಟಲೆ ಮಾತ್ರೆ ನಿಮ್ಮ ಕಪಾಟಿನಲ್ಲಿ ಬೇಡವೇ ಬೇಡ. ನನ್ನಲ್ಲಿ ಈಗ 28 ಔಷಧ ಇವೆ. ಇಪ್ಪತ್ತೊಂಬತ್ತನೆಯದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು.

ಮಾತ್ರೆ ನೀವೇ ಕೊಟ್ಟರೂ ಚೀಟಿ ಬರೆಯಿರಿ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಒಟ್ಟು ಎಷ್ಟು ಮಾತ್ರೆ. ಒಟ್ಟು ಸಂಖ್ಯೆಯನ್ನು ಬಿಡಲೇಬೇಡಿ; ಗುಣಾಕಾರ ತಾಳೆಯಾಗದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎಣಿಸುವವರು ಚೀಟಿ ನೋಡಿ ಎಣಿಸಲಿ, ನಿಮ್ಮ ಬಾಯಿಮಾತು ಕೇಳಿ ಅಲ್ಲ. ಆಮೇಲೆ ಮನೆಯಲ್ಲಿ ಮಾತ್ರೆ ಕೊಡುವವರನ್ನು ಒಳಗೆ ಕರೆದು, ಹೇಗೆ ಕೊಡುತ್ತೀರಿ ಹೇಳಿ ನೋಡೋಣ ಅನ್ನಿ. ‘ಅರ್ಥವಾಯಿತಾ’ ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅವರ ಬಾಯಿಂದ ಹೊರಟರೆ ಮಾತ್ರ ನಂಬಿ.

ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಅವಧಿ ಮುದ್ರಿಸಿದ ತುದಿಯನ್ನು ಮುಟ್ಟದೆ ಇನ್ನೊಂದು ತುದಿಯಿಂದ ಕತ್ತರಿಸಿ. ಇಲ್ಲದಿದ್ದರೆ ಕಪಾಟಿನಲ್ಲಿ ಉಳಿದ ಆರು ಮಾತ್ರೆ ಯಾವ ಕಾಲದ್ದು ಅಂತ ನಿಮಗೇ ತಿಳಿಯುವುದಿಲ್ಲ. ರೋಗಿಯ ಕೈಗೆ ಹೋಗುವ ತುಂಡಿನಲ್ಲಿ ಆಗ ಏನೂ ಇರುವುದಿಲ್ಲ, ಆದ್ದರಿಂದ ಕವರಿನ ಮೇಲೆ ಹೆಸರು, ಮಿಲಿಗ್ರಾಂ, ಅವಧಿ ಮೂರನ್ನೂ ಪೆನ್ನಿನಲ್ಲಿ ಬರೆಯಿರಿ. ಮಾತ್ರೆ ಬಿಡಿಸಿ ಕಾಗದದಲ್ಲಿ ಕಟ್ಟಿಕೊಡುವ ಅಭ್ಯಾಸವಂತೂ ಬೇಡ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಮೂರ್ಛೆಗೆ ಕೊಡುವ ಸೋಡಿಯಂ ವ್ಯಾಲ್ಪ್ರೊಯೇಟ್ ಫಾಯಿಲ್ ಬಿಟ್ಟು ಹೊರಬಂದರೆ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಕೂಡ ತೇವಕ್ಕೆ ಕೆಡುತ್ತದೆ. ಅದರ ಡ್ರೈ ಸಿರಪ್‌ಗೆ ಕಾಯಿಸಿ ಆರಿಸಿದ ನೀರನ್ನು ಗೆರೆಯ ತನಕ ನೀವೇ ಬೆರೆಸಿಕೊಡಿ, ಫ್ರಿಜ್‌ನಲ್ಲಿಟ್ಟರೂ 7 ದಿನಕ್ಕೆ ಮುಗಿಯಿತು ಅಂತ ಬಾಟಲಿಯ ಮೇಲೆ ತಾರೀಖು ಹಾಕಿ. ಫ್ರಿಜ್ ಇಲ್ಲದ ಮನೆಗೆ ಅದನ್ನು ಕೊಡಲೇಬೇಡಿ.

ಮಕ್ಕಳ ಪ್ಯಾರಸಿಟಮಾಲ್ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ ಒಂದು 5 ಮಿಲಿಗೆ 120 ಅಥವಾ 125, ಇನ್ನೊಂದು 5 ಮಿಲಿಗೆ 250. ಹತ್ತು ಕಿಲೋ ಮಗುವಿಗೆ ಸಲಕ್ಕೆ ಸುಮಾರು 150 ಮಿಲಿಗ್ರಾಂ ಅಂದರೆ ಡ್ರಾಪ್ಸ್ ಒಂದೂವರೆ ಮಿಲಿ, 125ರ ಸಿರಪ್ 6 ಮಿಲಿ, 250ರದ್ದು 3 ಮಿಲಿ. ಮೂರನ್ನೂ ಕಪಾಟಿನಲ್ಲಿಟ್ಟುಕೊಂಡು ‘ಒಂದು ಚಮಚ’ ಅಂದರೆ, ಡ್ರಾಪ್ಸ್ ಸಿಕ್ಕ ಮಗುವಿಗೆ 500 ಮಿಲಿಗ್ರಾಂ ಬೀಳುತ್ತದೆ. ನಾನು ಒಂದೇ ಬಗೆ ಇಡುತ್ತೇನೆ, 125ರ ಸಿರಪ್. ಸೂಜಿ ಇಲ್ಲದ ಸಿರಿಂಜ್ ಜೊತೆಗೆ ಕೊಟ್ಟು, ಅದರ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯುತ್ತೇನೆ. ಓಆರ್‌ಎಸ್‌ನದ್ದೂ ಇದೇ ಕತೆ: ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿಲಿಯ ಪುಟ್ಟ ಪೊಟ್ಟಣವೂ ಇದೆ. ದೊಡ್ಡದನ್ನು ಲೋಟದಲ್ಲಿ ಕಲಸಿ ಕುಡಿಸಿದರೆ ಉಪ್ಪು ಏರಿ ಮಗು ಇನ್ನಷ್ಟು ಕೆಡುತ್ತದೆ.

ಕೊಳ್ಳುವುದು ಲೈಸೆನ್ಸ್ ಇರುವ ಹೋಲ್‌ಸೇಲ್‌ನಿಂದ, ಬ್ಯಾಚ್ ನಂಬರ್ ಇರುವ ಬಿಲ್ ಸಹಿತ. ಬಿಲ್ ಫೈಲ್ ಮಾಡಿ. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ನಿಮ್ಮನ್ನು ಕಾಯುವುದು ಅದೇ. ಕಂಪನಿಯ ಪ್ರತಿನಿಧಿಗಳು ಕೊಡುವ ಸ್ಯಾಂಪಲ್ ಮೇಲೆ ‘ಮಾರಾಟಕ್ಕಲ್ಲ’ ಅಂತ ಅಚ್ಚಾಗಿರುತ್ತದೆ, ಅದಕ್ಕೆ ದುಡ್ಡು ತಗೊಳ್ಳಬೇಡಿ. ಟಿಟಿ, ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್‌ನ ಬಾಗಿಲಲ್ಲಿ ಅಲ್ಲ, ಫ್ರೀಜರಿಗೆ ತಾಗಿಯೂ ಅಲ್ಲ. ಹೆಪ್ಪುಗಟ್ಟಿ ಕರಗಿದ್ದನ್ನು ಎಸೆಯಿರಿ.

ಹಣದ ವಿಷಯವನ್ನು ನೀವು ಕೇಳಲಿಲ್ಲ, ಆದರೆ ಪ್ರಶ್ನೆಯ ಹಿಂದೆ ಅದು ಕೂತಿದೆ. ಕೆಲವು ಬ್ರಾಂಡ್‌ಗಳು ಅಚ್ಚಾದ ದರದ ಕಾಲು ಭಾಗಕ್ಕೂ ಸಿಗುತ್ತವೆ. ನೂರು ರೂಪಾಯಿ ಒಟ್ಟಾಗಿ ಪಡೆದು ಇಂಜೆಕ್ಷನ್, ಮಾತ್ರೆ ಎಲ್ಲ ಅದರಲ್ಲೇ ಅನ್ನುವ ಪದ್ಧತಿಯಲ್ಲಿ ನಿಮ್ಮ ದುಡಿಮೆ ಮಾತ್ರೆಯ ಲಾಭದ ಮೇಲೆ ನಿಲ್ಲುತ್ತದೆ. ಒಂದು ಮಾತ್ರೆ ಸಾಕಾದಲ್ಲಿ ಮೂರು ಹೋಗುವುದು ಅಲ್ಲಿಂದಲೇ. ದಕ್ಷಿಣ ಕೊರಿಯಾ 2000ದ ಜುಲೈಯಲ್ಲಿ ಬರೆಯುವವರನ್ನೂ ಕೊಡುವವರನ್ನೂ ಬೇರೆ ಮಾಡಿದಾಗ ಡಾಕ್ಟರುಗಳು ಮುಷ್ಕರ ಹೂಡಿದರು. ಬ್ರಿಟನ್ನಿನಲ್ಲಿ ಹಳ್ಳಿಗಾಡಿನ ಡಾಕ್ಟರುಗಳು ಔಷಧದಂಗಡಿಯಿಂದ ಒಂದು ಮೈಲಿಗಿಂತ ದೂರ ಇರುವ ರೋಗಿಗಳಿಗೆ ಕೊಡಬಹುದು. ನಿಮ್ಮದು 9 ಕಿಲೋಮೀಟರ್, ಅಲ್ಲಿಯ ಲೆಕ್ಕದಲ್ಲೂ ನೀವು ಪಾಸು. ಆದರೆ ಫೀಸನ್ನು ಬೇರೆ, ಮಾತ್ರೆಯ ದುಡ್ಡನ್ನು ಬೇರೆ ಬರೆದು ತಗೊಳ್ಳಿ.

ಕೋಣೆ ಬಾಡಿಗೆಗೆ ಕೊಡುವುದೇ ಒಳ್ಳೆಯದು, ಸರಿಯಾದ ಜನ ಸಿಕ್ಕರೆ. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಬೇಕು, ಮೊದಲು ಅಳೆದು ನೋಡಿ. ಬಾಡಿಗೆ ತಿಂಗಳಿಗೆ ಇಷ್ಟು ಅಂತ ಇರಲಿ, ವ್ಯಾಪಾರದಲ್ಲಿ ಪಾಲು ಬೇಡ. ಪಾಲು ತಗೊಂಡ ದಿನವೇ ನಿಮ್ಮ ಚೀಟಿಯನ್ನು ಪ್ರಶ್ನಿಸುವ ಧೈರ್ಯ ಅವರಿಗೆ ಹೋಗುತ್ತದೆ. ಗೋಡೆಯ ಮೇಲೆ ಫಾರ್ಮಸಿಸ್ಟರ ಸರ್ಟಿಫಿಕೇಟು, ಕೌಂಟರಿನಲ್ಲಿ ಅವರ ಭಾಮೈದ, ಹೀಗಿರುವ ಅಂಗಡಿಗಿಂತ ನಿಮ್ಮ ಕಪಾಟೇ ವಾಸಿ. ಒಪ್ಪಂದಕ್ಕೆ ಮೊದಲು ಅವರು ಈಗ ಕೆಲಸ ಮಾಡುವ ಅಂಗಡಿಗೆ ಗುರುತು ಹೇಳದೆ ಯಾರನ್ನಾದರೂ ಕಳಿಸಿ. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 2.5, ದಿನಾ ಮೂರು, ಒಟ್ಟು 24 ಅಂತ ಬರೆದಿರಲಿ. ಎಣಿಸಿ ಕವರಿಗೆ ಹಾಕಿದರೆ ಬೇರೆಯವರನ್ನು ಹುಡುಕಿ, ಮಾತ್ರೆಯನ್ನು ಅಲ್ಲೇ ವಾಪಸ್ ಕೊಟ್ಟು ಬರಲು ಹೇಳಿ. ‘ಇದು ವಾರದ್ದಲ್ವಾ, ಡಾಕ್ಟರ ನಂಬರ್ ಕೊಡಿ’ ಅಂದರೆ ಮರುದಿನವೇ ಕೋಣೆಯ ಬೀಗದ ಕೈ ಕೊಟ್ಟುಬಿಡಿ.